ಕೊಡದ ಹಕ್ಕಿ

"ಮೂರನೇ ಸಾಲು ಓದಿ ಸರ್."

"ಗ... ನ... ಠ..."

"ಅದು ಠ ಅಲ್ಲ, ರ. ಹೊಟ್ಟೆಯೊಳಗೆ ಚುಕ್ಕೆ ಎಲ್ಲಿದೆ?"

"ಇದ್ದ ಹಾಗಿತ್ತು."

"ಇದ್ದ ಹಾಗಿದ್ದದ್ದನ್ನ ಹೇಳಬೇಡಿ. ಕಂಡದ್ದನ್ನ ಹೇಳಿ."

ನನ್ನ ಕನ್ನಡಕದಂಗಡಿಯ ಕುರ್ಚಿಯಲ್ಲಿ, ಕಣ್ಣಿನ ಪರೀಕ್ಷೆಯ ದಪ್ಪ ಚೌಕಟ್ಟು ಮೂಗಿನ ಮೇಲೆ ಹೊತ್ತುಕೊಂಡೇ ಅವನು ನಕ್ಕ. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುವ ನಗು. "ಇದೇ ಮಾತನ್ನ ನಾನು ಊರಿಗೆಲ್ಲ ಹೇಳ್ತೀನಿ. ನನಗೆ ಹೇಳಿದವರು ನೀವೇ ಮೊದಲು. ಹಕ್ಕಿ ಸಂಘದ ಪಟ್ಟಿ ನನ್ನ ಕೈಲಿರೋದು. ಯಾರು ಏನು ನೋಡಿದೆ ಅಂದ್ರೂ ಒಪ್ಪೋದು, ಬಿಡೋದು ನಾನು."

ನನ್ನ ಕೈಯಲ್ಲಿದ್ದ ಗಾಜು ಟಣ್ ಎಂದು ತಟ್ಟೆಗೆ ಬಿತ್ತು.

ಇವನೇ! ಎರಡು ವರ್ಷದಿಂದ ನಾನು ಮನಸ್ಸಿನಲ್ಲೇ ಹುರಿದು, ಅರೆದು, ಪುಡಿ ಮಾಡಿ ಗಾಳಿಗೆ ತೂರುತ್ತಿದ್ದ ಮನುಷ್ಯ. ನನ್ನ ಕಲ್ಪನೆಯಲ್ಲಿ ಅವನಿಗೆ ಐವತ್ತು ವರ್ಷ, ಬೋಳು ತಲೆ, ಕಿವಿಯಲ್ಲಿ ಕೂದಲು ಇತ್ತು. ಇಷ್ಟು ಚೆಂದದ ಕಣ್ರೆಪ್ಪೆ ಇರಬಾರದಿತ್ತು.

ಕೊಡದ ಹಕ್ಕಿಯ ಕಥೆ ಹೇಳದೆ ಅಜ್ಜಿ ನನಗೆ ಯಾವತ್ತೂ ತುತ್ತು ತಿನ್ನಿಸಿದ್ದಿಲ್ಲ. ಬರ್ತೀನಿ ಅಂತ ಮಾತು ಕೊಟ್ಟವನಿಗಾಗಿ ಒಬ್ಬಳು ಹುಡುಗಿ ಖಾಲಿ ಕೊಡ ಹಿಡಿದು ಕೆರೆಯ ಅಂಚಿನಲ್ಲಿ ಕಾದಳಂತೆ, ಕಾದು ಕಾದು ಜೊಂಡಿನ ಬಣ್ಣಕ್ಕೆ ತಿರುಗಿ ಹಕ್ಕಿಯಾದಳಂತೆ. ಈಗಲೂ ಕೊಡದೊಳಗೆ ಬಾಯಿಟ್ಟು 'ಊಂಬ್' ಅಂತ ಕರೆಯುತ್ತಾಳಂತೆ. "ಕೊಡದ ಹಕ್ಕಿ ಅಂದ್ರೆ ಏನೂ ಕೊಡದ ಹಕ್ಕೀನಾ ಅಜ್ಜಿ?" ಅಂತ ನಾನು ಕೇಳಿದರೆ, "ಅವಳ ಹತ್ರ ಇದ್ದದ್ದನ್ನೆಲ್ಲ ಕೊಟ್ಟಾಗಿತ್ತು ಪುಟ್ಟಿ, ಇನ್ನೇನು ಕೊಟ್ಟಾಳು?" ಅನ್ನೋಳು.

ಎರಡು ವರ್ಷದ ಹಿಂದೆ ಅಜ್ಜಿಯ ತಂಗಿಯ ಮನೆಗೆ ಹೋಗಿದ್ದಾಗ, ಆ ಮನೆಯ ಹಿಂದಿನ ಕೆರೆಯ ಜೊಂಡಿನಲ್ಲಿ ಆ ಕಥೆ ಕೊಕ್ಕು ಮೇಲೆತ್ತಿ ನಿಂತಿತ್ತು. ಮೊದಲು ನೋಡಿದ್ದು ಅಜ್ಜಿ. ಎಪ್ಪತ್ತೆಂಟು ವರ್ಷದ ಅಜ್ಜಿ ನನ್ನ ಕೈ ಹಿಡಿದು ಅತ್ತುಬಿಟ್ಟಳು. ಈ ಭಾಗದಲ್ಲಿ ಅದನ್ನು ಕಂಡ ದಾಖಲೆಯಿಲ್ಲ ಅಂತ ಗೊತ್ತಾದ ಮೇಲೆ, ಅಜ್ಜಿ ಹೇಳಿದ್ದನ್ನು ಅವಳ ಹೆಸರಲ್ಲೇ ಸಂಘಕ್ಕೆ ಬರೆದು ಕಳಿಸಿದೆ. ಅಚ್ಚಾದ ಪಟ್ಟಿಯಲ್ಲಿ ತನ್ನ ಹೆಸರು ನೋಡಬೇಕು ಅಂತ ಅವಳಿಗೆ ಒಂದೇ ಆಸೆ.

ಉತ್ತರ ಬಂತು. ಎರಡೇ ಸಾಲು. "ಮುಖ್ಯ ಸಾಕ್ಷಿಯ ವಯಸ್ಸು ಎಪ್ಪತ್ತೆಂಟು, ಕನ್ನಡಕವಿಲ್ಲ. ಕಥೆ ಚೆನ್ನಾಗಿದೆ, ದಾಖಲೆ ಸಾಲದು."

ಅಜ್ಜಿ ಅದನ್ನು ಕನ್ನಡಕವಿಲ್ಲದೆಯೇ ಓದಿದಳು. ಅವತ್ತಿನಿಂದ ಕಥೆ ಹೇಳುವುದು ನಿಲ್ಲಿಸಿದಳು. ಅದೇ, ಅದನ್ನೇ ನಾನು ಕ್ಷಮಿಸಲಾರದೆ ಹೋದದ್ದು. ಕೋಪವನ್ನು ಕೆಂಡದ ಹಾಗೆ ಬೂದಿ ಮುಚ್ಚಿ ಇಟ್ಟುಕೊಂಡಿದ್ದೆ. ಈಗ ಆ ಸಾಕ್ಷಾತ್ ನ್ಯಾಯಾಧೀಶ ನನ್ನ ಕುರ್ಚಿಯಲ್ಲಿ ಕೂತು, ರ ಯಾವುದು ಠ ಯಾವುದು ಗೊತ್ತಾಗದೆ ಕಣ್ಣು ಕಿರಿದು ಮಾಡುತ್ತಿದ್ದ!

"ಬರೋ ವಾರ ಕ್ಯಾಂಪ್ ಇದೆ," ಅಂದ. "ಎರಡು ದಿನ ಹುಲ್ಲುಬಯಲು, ಎರಡು ದಿನ ಜೌಗು. ಅಷ್ಟರಲ್ಲಿ ಕನ್ನಡಕ ಸಿಗುತ್ತಾ?"

"ಸಿಗುತ್ತೆ. ಕ್ಯಾಂಪಿಗೆ ಯಾರು ಬೇಕಾದ್ರೂ ಬರಬಹುದಾ?"

ಗಾಜು ಉಜ್ಜುವಾಗ ಕೆಟ್ಟ ಆಸೆ ಬಂದದ್ದು ನಿಜ. ಪವರ್ ಸ್ವಲ್ಪ ಆಚೀಚೆ ಮಾಡಿದರೆ ಕಾಗೆಯೆಲ್ಲ ಹದ್ದಾಗುತ್ತವೆ. ಆದರೆ ಕಸುಬಿಗೆ ದ್ರೋಹ ಮಾಡಲು ಕೈ ಬರಲಿಲ್ಲ. ಕಣ್ಣು ಸರಿ ಮಾಡಿಯೇ ಕೊಟ್ಟೆ. ಕಿವಿ ಇತ್ತಲ್ಲ!

ಅಗಲ ಬಾಟಲಿಯ ಬಾಯಿಗೆ ತುಟಿ ಓರೆ ಮಾಡಿ ಊದಿದರೆ ಕೊಡದ ಹಕ್ಕಿಯ ಕೂಗು ಬರುತ್ತದೆ. ಅಜ್ಜಿ ಕಥೆಯ ಮಧ್ಯೆ ಹಾಗೆ ಊದಿಯೇ ನನ್ನ ಬೆಚ್ಚಿಬೀಳಿಸುತ್ತಿದ್ದದ್ದು. ಜೊಂಡಿನಲ್ಲಿ ಅಡಗಿ ಊದುತ್ತೇನೆ, ಅವನು ಪಟ್ಟಿಯಲ್ಲಿ ಬರೆಯುತ್ತಾನೆ, ಎಲ್ಲರೆದುರು ಬಾಟಲಿ ತೋರಿಸಿ ಹೇಳುತ್ತೇನೆ: ಕಥೆ ಚೆನ್ನಾಗಿದೆ, ದಾಖಲೆ ಸಾಲದು. ಆ ಮಾತನ್ನು ಅಂಗಡಿಯ ಕನ್ನಡಿಯ ಮುಂದೆ ಎಷ್ಟು ಸಲ ಅಭ್ಯಾಸ ಮಾಡಿದೆನೋ!

ಜೀಪಿನಲ್ಲಿ ಐದೇ ಜನ. ಅವನು, ನಾನು, ಡ್ರೈವರ್, ನಿವೃತ್ತ ಡೆಂಟಿಸ್ಟ್ ಅಂಕಲ್, ಅವರ ಹೆಂಡತಿ. ಆಂಟಿಗೆ ಹಕ್ಕಿಗಿಂತ ನಮ್ಮಿಬ್ಬರ ಮೇಲೇ ಬೈನಾಕ್ಯುಲರ್.

ಹುಲ್ಲುಬಯಲು ಅಂದರೆ ಮುಗಿಯುವ ಅಭ್ಯಾಸವೇ ಇಲ್ಲದ ನೆಲ. ಗಾಳಿ ಬಂದರೆ ಇಡೀ ಬಯಲು ಮಗ್ಗುಲು ಬದಲಿಸುತ್ತಿತ್ತು. ಬಾನಾಡಿಗಳು ಕಾಲಡಿಯಿಂದ ಚಿಮ್ಮಿ, ಹಾಡಿನ ದಾರ ಹಿಡಿದುಕೊಂಡೇ ಮೇಲಕ್ಕೆ ಹೋಗುತ್ತಿದ್ದವು.

ಹೊಸ ಕನ್ನಡಕ ಹಾಕಿ ಜೀಪಿನಿಂದ ಇಳಿದವನು ಹಕ್ಕಿ ನೋಡಲೇ ಇಲ್ಲ. ಹುಲ್ಲಿನ ಮುಂದೆ ನಿಂತುಬಿಟ್ಟ.

"ಏನಾಯ್ತು?"

"ಹುಲ್ಲಿಗೆ ತುದಿ ಇದೆ," ಅಂದ, ಯಾರೋ ಉಡುಗೊರೆ ಕೊಟ್ಟ ಹಾಗೆ. "ಒಂದೊಂದಕ್ಕೂ ಬೇರೆ ಬೇರೆ ತುದಿ. ಇಷ್ಟು ದಿನ ನಾನು ಹಸಿರು ಕಂಬಳಿ ಅಂದ್ಕೊಂಡಿದ್ದೆ." ಆಮೇಲೆ ನನ್ನ ಕಡೆ ತಿರುಗಿದ. ತಿರುಗಿದವನು ನೋಟ ಹಿಂತೆಗೆಯಲು ಮರೆತ. "ನಿಮ್ಮ ಹುಬ್ಬಿನ ಮೇಲೊಂದು ಮಚ್ಚೆ ಇದೆ."

"ಹುಟ್ಟಿದಾಗಿನಿಂದ ಇದೆ. ಪಟ್ಟಿಗೆ ಸೇರಿಸ್ತೀರಾ?"

"ಒಂದೇ ಸಲ ನೋಡಿದ್ದನ್ನ ಸೇರಿಸೋ ಹಾಗಿಲ್ಲ."

ಆಂಟಿ ಕೆಮ್ಮಿದರು. ನನ್ನ ಕಿವಿ ಬಿಸಿಯಾಯಿತು. ಇದಕ್ಕೂ ಸೇರಿಸಿಯೇ ಸೇಡು ತೀರಿಸಬೇಕು ಅಂದುಕೊಂಡೆ.

ಎರಡನೇ ದಿನ ಸಂಜೆ ಡೇರೆಯ ಮುಂದೆ ಕೂತು ಅವನು ಹಳೇ ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಿದ್ದ. ಒಂದು, ಎರಡು, ಪುಟದ ತುಂಬ.

"ಯಾರ ಗ್ರಹಚಾರ ಇವತ್ತು?"

"ನಂದೇ. ಕಣ್ಣು ಸರಿಯಿಲ್ಲದಾಗ ದೂರದಿಂದ ನೋಡಿದ್ದನ್ನೆಲ್ಲ ತೆಗೀತಾ ಇದ್ದೀನಿ. ಆ ಡೇಗೆ ಹಕ್ಕಿ ನನಗೆ ತುಂಬ ಇಷ್ಟ ಇತ್ತು." ಇಷ್ಟವಿದ್ದ ಡೇಗೆಯ ಮೇಲೆ ನಿಧಾನಕ್ಕೆ ಗೀಟು ಎಳೆದ.

ನನಗೆ ಅಳು ಬರುವಷ್ಟು ಸಿಟ್ಟು ಬಂತು. ಕೆಟ್ಟವನಾಗಿ ಇರಲಿಕ್ಕೂ ಬರಲ್ವಾ ಇವನಿಗೆ? ನನ್ನ ಸೇಡನ್ನೂ ತಾನೇ ತೀರಿಸಿಕೊಂಡರೆ ನಾನೇನು ಮಾಡಲಿ? ಬ್ಯಾಗಿನೊಳಗಿದ್ದ ಖಾಲಿ ಬಾಟಲಿಯನ್ನು ಮುಟ್ಟಿ ನೋಡಿಕೊಂಡೆ. ಅಜ್ಜಿಯ ಮುಚ್ಚಿದ ಬಾಯಿ ನೆನಪಿಸಿಕೊಂಡೆ. ಕೆಂಡಕ್ಕೆ ಗಾಳಿ ಹಾಕಿದೆ.

ಜೌಗಿನಲ್ಲಿ ನಮ್ಮ ದೋಣಿ ನಡೆಸಲು ಬಂದವಳು ಜೊಂಡು ಕೊಯ್ಯುವ ಅಕ್ಕ. ನಲವತ್ತು ವರ್ಷದ ಗಟ್ಟಿ ತೋಳು, ಅದಕ್ಕಿಂತ ಗಟ್ಟಿ ನಾಲಿಗೆ. "ಈ ಸೊಳ್ಳೆ ಮಧ್ಯೆ ಹಕ್ಕಿ ನೋಡೋಕೆ ಬರೋರು ಬುದ್ಧಿವಂತರೋ, ಅವರನ್ನ ಕೂತು ನೋಡೋ ಹಕ್ಕಿ ಬುದ್ಧಿವಂತವೋ?" ಅಂತ ಮೊದಲ ಮಾತಿನಲ್ಲೇ ಎಲ್ಲರನ್ನೂ ತಣ್ಣಗೆ ಮಾಡಿದಳು.

ಸಂಜೆ ತಲೆನೋವು ಅಂತ ನೆಪ ಹೇಳಿ ಹಿಂದುಳಿದೆ. ಮೊಣಕಾಲುದ್ದ ಕೆಸರಿನಲ್ಲಿ, ಜೊಂಡಿನೊಳಗೆ ಕೂತು ಬಾಟಲಿ ತುಟಿಗಿಟ್ಟೆ.

ಊಂಬ್.

ಜೌಗಿನ ಏರಿಯ ಮೇಲೆ ಉಳಿದವರ ಮಾತು ನಿಂತಿತು.

ಊಂಬ್. ಊಂಬ್.

ಎಲೆಗಳ ಸಂದಿಯಿಂದ ಅವನ ಮುಖ ಕಂಡಿತು. ಗೆದ್ದವನ ಮುಖ ಇರುತ್ತದೆ ಅಂದುಕೊಂಡಿದ್ದೆ. ಅದು ತಪ್ಪು ಮಾಡಿದವನ ಮುಖವಾಗಿತ್ತು.

ಚಹಾದ ಹೊತ್ತಿಗೆ ನಾನು ಕಾಲು ತೊಳೆದು ಬಂದಾಗ ಅವನು ಅಂಕಲ್ ಆಂಟಿಗೆ ಹೇಳುತ್ತಿದ್ದ. "ಎರಡು ವರ್ಷದ ಹಿಂದೆ ಒಬ್ಬರು ಅಜ್ಜಿ ಇದೇ ಹಕ್ಕಿ ಬಗ್ಗೆ ಪತ್ರ ಬರೆದಿದ್ರು. ನಾನು ಒಪ್ಪಲಿಲ್ಲ. ಉಡಾಫೆಯಾಗಿ ಏನೋ ಗೀಚಿ ಕಳಿಸಿದೆ. ಆದ್ರೆ ಆ ಪತ್ರ ಮಾತ್ರ ಎಸೆಯೋಕೆ ಆಗ್ಲಿಲ್ಲ, ನೋಡಿ." ಮಡಿಕೆಗಳಲ್ಲಿ ಹರಿದುಹೋಗುವಷ್ಟು ಬಿಡಿಸಿ ಮಡಿಸಿದ ಕಾಗದ. ನನ್ನ ಅಕ್ಷರ! "'ಕಣ್ಣಿಗೆ ಔಷಧಿ ಹಾಕಿಸಿಕೊಳ್ಳುವವರ ಹಾಗೆ ಮುಖ ಮೇಲೆ ಮಾಡಿ ನಿಂತಿತ್ತು.' ಇದನ್ನ ಎಷ್ಟು ಸಲ ಓದಿದ್ದೀನೋ. ಇವತ್ತು ನನ್ನ ಕಿವಿಯಲ್ಲೇ ಕೇಳಿದೆ. ಆ ಅಜ್ಜಿ ದಾಖಲೆ ಒಪ್ಕೊಂಡೆ. ಬರೆದೂ ಆಯ್ತು."

ಬಾಟಲಿ ನನ್ನ ಬ್ಯಾಗಿನಲ್ಲಿ ಕಲ್ಲಾಯಿತು.

ಸುಮ್ಮನಿದ್ದರೆ ಅಜ್ಜಿಯ ಹೆಸರು ಅಚ್ಚಾಗುತ್ತದೆ, ನನ್ನ ಸುಳ್ಳಿನ ಮೇಲೆ ನಿಂತು. ಬಾಯಿ ಬಿಟ್ಟರೆ ಸೇಡು ತೀರುತ್ತದೆ, ಅಜ್ಜಿ ಮುಳುಗುತ್ತಾಳೆ. ಬಾಟಲಿ ಊದಿದವಳ ಅಜ್ಜಿಯನ್ನು ಯಾರು ನಂಬುತ್ತಾರೆ? ಅವನಿಗೆ ತೋಡಿದ ಗುಂಡಿಯಲ್ಲಿ ಅಜ್ಜಿಯನ್ನೇ ನಿಲ್ಲಿಸಿದ್ದೆ.

ಬೆಳಗ್ಗೆ ದೋಣಿಯಲ್ಲಿ ನಾವಿಬ್ಬರು, ಹುಟ್ಟು ಹಾಕುವ ಅಕ್ಕ, ಅಷ್ಟೇ. ಮಂಜು ನೀರಿನ ಮೇಲೆ ಕೂತಿತ್ತು.

ಕಾಣದಿದ್ದದ್ದನ್ನು ಕಂಡೆ ಅನ್ನುವವಳಲ್ಲ ನನ್ನ ಅಜ್ಜಿ. ಅವಳ ಮೊಮ್ಮಗಳು ಹಾಗಾಗಬಾರದು. ಬಾಟಲಿ ತೆಗೆದೆ. ಅವನ ಕಣ್ಣಲ್ಲಿ ಕಣ್ಣಿಟ್ಟು ಊದಿದೆ.

ಊಂಬ್.

"ನಿನ್ನೆಯ ಹಕ್ಕಿ ನಾನು," ಅಂದೆ. "ಆ ಪತ್ರ ಬರೆದವಳೂ ನಾನು. ನೀವು ಕನ್ನಡಕವಿಲ್ಲ ಅಂದಿರಲ್ಲ, ಅವಳು ನನ್ನಜ್ಜಿ. ಅವತ್ತಿಂದ ಕಥೆ ಹೇಳಿಲ್ಲ ಅವಳು. ನಿಮ್ಮನ್ನ ಎಲ್ಲರೆದುರು ನಗೆಪಾಟಲು ಮಾಡಬೇಕು ಅಂತಲೇ ಬಂದೆ."

ಅವನ ಕಿವಿಯ ತುದಿ ಕೆಂಪಾಗುತ್ತಾ ಹೋಯಿತು. ಆಮೇಲೆ ನೋಟ್‌ಬುಕ್ ತೆಗೆದು ತನ್ನ ಸಾಲಿಗೆ ಗೀಟು ಹಾಕಿದ. ಪೆನ್ಸಿಲ್ಲು ಅಜ್ಜಿಯ ಸಾಲಿನ ಮೇಲೆ ಬಂದು ನಿಂತಿತು. ಅದಕ್ಕೂ ಹಾಕಿದ.

"ಎಲ್ಲರೆದುರು ಹೇಳಬಹುದಿತ್ತಲ್ಲ," ಅಂದ ಮೆಲ್ಲಗೆ.

"ಹೇಳಬಹುದಿತ್ತು."

ಇಷ್ಟು ದಿನ ಕಾದ ಸೇಡು, ಬಾಯಲ್ಲಿ ಬರೀ ಬೂದಿ.

"ಆಯ್ತಾ ನಿಮ್ಮ ಪಂಚಾಯ್ತಿ?" ಅಂದಳು ಅಕ್ಕ. "ಅಮ್ಮಾ ತಾಯಿ, ನಿನ್ನೆ ನೀನು ಊದಿದಾಗ ನಾನು ಪಕ್ಕದಲ್ಲೇ ಜೊಂಡು ಕಟ್ತಾ ಇದ್ದೆ. ಹಕ್ಕಿ ಅಲ್ಲ ಅಂತ ಆಗಲೇ ಗೊತ್ತಾಯ್ತು. ಜೊಂಡು ಕೊಯ್ಯೋವಾಗ ಎರಡು ಮೂರು ಸಲ ಹತ್ರದಿಂದಲೇ ಕೇಳಿದ್ದೀನಿ, ಆ ಹಕ್ಕಿ ಹಾಗೆ ಒಮ್ಮೆಗೇ ಕೂಗೋದಿಲ್ಲ. ಮೊದಲು ಗುಟುಕು ಗುಟುಕಾಗಿ ಗಾಳಿ ನುಂಗುತ್ತೆ. ಹತ್ತು ಹೆಜ್ಜೆ ಹತ್ರ ಇದ್ದೋರಿಗೆ ಮಾತ್ರ ಕೇಳೋದು ಅದು."

ಅವನು ಪೆನ್ಸಿಲ್ಲು ಕೆಳಗಿಟ್ಟ. ಜೇಬಿನಿಂದ ಪತ್ರ ತೆಗೆದು, ಬಿಡಿಸಿ, ಬೆರಳಿಟ್ಟು ಹುಡುಕಿದ. ಗಟ್ಟಿಯಾಗಿ ಓದಿದ.

"'ಕೂಗುವ ಮೊದಲು ಸಣ್ಣ ಸಣ್ಣ ಗುಟುಕಿನ ಸದ್ದು. ಬಿಸಿ ಹಾಲನ್ನು ಹೆದರಿ ಹೆದರಿ ಕುಡಿದ ಹಾಗೆ.' ಕಥೆ ಚೆನ್ನಾಗಿದೆ ಅಂತ ನಾನು ನಕ್ಕಿದ್ದು ಈ ಸಾಲಿಗೇ! ಇದು ಬಾಟಲಿಯಲ್ಲಿ ಬರಲ್ಲ. ಹತ್ರ ನಿಂತು ಕೇಳದೆ ಬರೆಯೋಕೆ ಆಗಲ್ಲ."

ಅಕ್ಕ ಹೇಳಿದ್ದನ್ನು ಅವಳ ಬಾಯಿಂದ ಮತ್ತೆ ಹೇಳಿಸಿ ಬರೆದುಕೊಂಡ. ಗೀಟು ಹಾಕಿದ ಸಾಲಿನ ಕೆಳಗೆ, ಅಜ್ಜಿಯ ಹೆಸರನ್ನು ಹೊಸದಾಗಿ, ದುಂಡಗೆ ಬರೆದ.

"ನನಗೆ ತೋರಿಸಿ ಪ್ರಯೋಜನ ಇಲ್ಲ," ಅಂದೆ, ಕಣ್ಣು ಒರೆಸಿಕೊಂಡು. ಸೇಡು ಇನ್ನೂ ಸ್ವಲ್ಪ ಉಳಿದಿತ್ತು. "ಅಜ್ಜಿಗೆ ನೀವೇ ಹೇಳಬೇಕು."

ಏರಿಯ ಮೇಲೆ ಸಿಗ್ನಲ್ ಸಿಕ್ಕಿತು. ಫೋನ್ ಸ್ಪೀಕರಿಗೆ ಹಾಕಿ ಅವನ ಕೈಗಿಟ್ಟೆ.

"ಯಾರಪ್ಪಾ ನೀನು?"

"ಹಕ್ಕಿ ಪಟ್ಟಿಯವನು ಅಜ್ಜಿ."

"ಓಹೋ! ಕನ್ನಡಕ ಹಾಕ್ಕೊಂಡಿದ್ದೀಯೇನು?"

"ಹಾಕ್ಕೊಂಡಿದ್ದೀನಿ ಅಜ್ಜಿ. ನಿಮ್ಮ ಮೊಮ್ಮಗಳೇ ಕೊಟ್ಟಿದ್ದು."

"ಹಾಗಾದ್ರೆ ನಿನ್ನ ಮಾತು ಕೇಳಬಹುದು. ಹೇಳು."

ಅವನು ಬರೆದದ್ದನ್ನು ಓದಿದ. ತಪ್ಪಾಯ್ತು ಅಂದ. ಆ ಕಡೆ ಅಜ್ಜಿ ಮೂಗು ಏರಿಸಿದ ಸದ್ದು. ಆಮೇಲೆ ಗತ್ತಿನ ದನಿ:

"ಕಥೆ ಚೆನ್ನಾಗಿದೆ ಕಣಪ್ಪ, ದಾಖಲೆ ಸಾಲದು. ಮನೆಗೆ ಬಂದು ನನ್ನೆದುರು ಕೂತು ಓದು. ಆಮೇಲೆ ನಾನೊಂದು ಕಥೆ ಹೇಳ್ತೀನಿ."

ಎರಡು ವರ್ಷ! ಎರಡು ವರ್ಷವಾಗಿತ್ತು ಆ ಮಾತು ಕೇಳಿ. ನಾನು ಜೊಂಡಿನ ಕಡೆ ಮುಖ ತಿರುಗಿಸಿದೆ.

ಅವನು ಫೋನು ಹಿಂದಿರುಗಿಸಲು ಹತ್ತಿರ ಬಂದ. ಫೋನು ಕೊಟ್ಟ, ಹೋಗಲಿಲ್ಲ. ಗಾಳಿ ನಿಂತಿತ್ತು. ಆಗ ಕೇಳಿಸಿತು, ಸಣ್ಣ ಸಣ್ಣ ಗುಟುಕು. ಬಿಸಿ ಹಾಲನ್ನು ಹೆದರಿ ಹೆದರಿ ಕುಡಿದ ಹಾಗೆ, ಅವನು ಗಾಳಿ ನುಂಗುತ್ತಿದ್ದ.

ಹತ್ತು ಹೆಜ್ಜೆ ಒಳಗಿದ್ದವರಿಗೆ ಮಾತ್ರ ಕೇಳುವ ಸದ್ದು.

ಮಾತು ಹೊರಡುವ ಮೊದಲೇ ನಾನು ಒಪ್ಪಿಬಿಟ್ಟಿದ್ದೆ. ಆದರೂ ಸೇಡು ಸೇಡೇ. ನೀವು ಇಷ್ಟ ಅಂತ ಅವನು ಹೇಳಿ ಮುಗಿಸಿದ ಮೇಲೆ ಕಿವಿಗೆ ಕೈ ಇಟ್ಟೆ.

"ಏನಂದ್ರಿ? ಒಂದೇ ಸಲ ಕೇಳಿದ್ದನ್ನ ಪಟ್ಟಿಗೆ ಸೇರಿಸೋ ಹಾಗಿಲ್ಲ."

ಅವನು ಕನ್ನಡಕ ಸರಿಮಾಡಿಕೊಂಡು, ಇನ್ನೊಂದು ಹೆಜ್ಜೆ ಹತ್ತಿರ ಬಂದು, ಮತ್ತೆ ಹೇಳಿದ.

ಮೂರು ಸಲ ಹೇಳಿಸಿದೆ. ಎರಡು, ಅಜ್ಜಿ ಸುಮ್ಮನಿದ್ದ ಎರಡು ವರ್ಷಕ್ಕೆ. ಇನ್ನೊಂದು ನನಗೆ.