ದಫ್ತರದ ಕೋಣೆಗೆ ಹೋಗದ ಛತ್ರಿ

ದಫ್ತರದ ಕೋಣೆಯ ಬಾಗಿಲು ತಳ್ಳಿದಾಗ ಟೈಪಿಸ್ಟ್ ಹುಡುಗಿಗೆ ಮೊದಲು ಕಂಡದ್ದು ದೊಡ್ಡಪ್ಪನ ಒಂಟಿ ಚಪ್ಪಲಿ. ಆಮೇಲೆ ಕಾಲು, ಆಮೇಲೆ ಒಡೆದ ತಲೆ. ಅವಳು ಕಿರುಚಿಕೊಂಡಳು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಗಂಟೆಯಾಗಿತ್ತು.

ದೊಡ್ಡಪ್ಪ ಅವಳಿಗೇನೂ ಆಗಬೇಕಾದವರಲ್ಲ. ಹಳೇ ಕಡತ ಕಾಯುವ ಅವರು ಹೆಡ್ ಗುಮಾಸ್ತರ ದೊಡ್ಡಪ್ಪ. ಕಚೇರಿಗೆಲ್ಲ ಅದೇ ಹೆಸರು. ಆ ಕಚೇರಿಯ ಕತೆಯೇ ಹಾಗೆ. ಟಪಾಲು ನೋಡುವವನು ಹೆಡ್ ಗುಮಾಸ್ತರ ಅಕ್ಕನ ಮಗ, ಉಗ್ರಾಣ ನೋಡುವವನು ಅವರ ಹೆಂಡತಿಯ ತಮ್ಮ. ಅಲ್ಲಿ ಅರ್ಜಿ ಹಾಕುವ ಮೊದಲು ಜನ ಯಾರು ಯಾರಿಗೆ ಏನಾಗಬೇಕೆಂದು ವಿಚಾರಿಸುತ್ತಿದ್ದರು. ಯಾರ ನಂಟೂ ಇಲ್ಲದೆ ಪರೀಕ್ಷೆ ಬರೆದು ಒಳಗೆ ಬಂದವಳು ಇವಳೊಬ್ಬಳೇ. ಆ ದಿನ ಕಚೇರಿಯಲ್ಲಿದ್ದವರೂ ಈ ಐವರೇ.

ಬೆಳಿಗ್ಗೆ ಹತ್ತಕ್ಕೆ ಎಲ್ಲ ನಗುನಗುತ್ತಲೇ ಶುರುವಾಗಿತ್ತು. ಅವಳ ಮನೆಯೊಡತಿ ಗಣತಿ ಅಜ್ಜಿ ಆಸ್ಪತ್ರೆಗೆ ಹೊರಟವಳು ಕಚೇರಿಯ ಮುಂಬಾಗಿಲಲ್ಲಿ ನಿಂತು, "ಬಿಸಿಲಿಗೆ ತಲೆ ಸುಡ್ತಿದೆ ಕಣೇ, ನಿನ್ನ ಛತ್ರಿ ಕೊಡು" ಎಂದಿದ್ದಳು. ದಫ್ತರದ ಕೋಣೆಯ ಜಂತೆಗಳ ಮೇಲೆ ಪಾರಿವಾಳಗಳ ಸಂಸಾರ. ತಲೆಗೆ ಹಿಕ್ಕೆ ಬೀಳದಂತೆ ಆ ಹುಡುಗಿ ದಿನಾ ಅಲ್ಲಿಗೆ ಛತ್ರಿ ಬಿಚ್ಚಿಕೊಂಡೇ ಹೋಗುತ್ತಿದ್ದಳು. ಅವಳು ಛತ್ರಿ ಕೊಟ್ಟದ್ದೇ ತಡ, ಬಾಗಿಲಲ್ಲೇ ನಿಂತಿದ್ದ ಹೆಡ್ ಗುಮಾಸ್ತರು, "ಇವತ್ತು ಪಾರಿವಾಳಗಳ ಕೈಗೆ ಸಿಕ್ಕಿಬಿದ್ದೆ ನೀನು" ಎಂದು ರೇಗಿಸಿದ್ದರು. ಪಕ್ಕದಲ್ಲಿದ್ದ ಟಪಾಲಿನವನು ಹೊಟ್ಟೆ ಹಿಡಿದು ನಕ್ಕಿದ್ದ. ಉಗ್ರಾಣದವನು ಮಾತ್ರ ಯಾವತ್ತಿನ ಹಾಗೆ ಹಿಂಬಾಗಿಲಿಂದ ಬಂದು ತನ್ನ ಕೋಣೆ ಸೇರಿದ್ದ.

ಈಗ ಯಾರೂ ನಗುತ್ತಿರಲಿಲ್ಲ.

"ಕಡತ ತೆಗೆಯೋಕೆ ಹತ್ತಿ ಜಾರಿ ಬಿದ್ದಿದ್ರೆ ಏಣಿ ಪಕ್ಕದಲ್ಲೇ ಬಿದ್ದಿರ್ಬೇಕಿತ್ತು" ಎಂದರು ಇನ್‌ಸ್ಪೆಕ್ಟರು. "ಯಾರೋ ಎತ್ತಿ ಮೂಲೇಲಿ ಒರಗಿಸಿದ್ದಾರೆ. ನೇಮಕಾತಿ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟೂ ಕಾಣ್ತಿಲ್ಲ."

ಮೂವರು ಗಂಡಸರೂ ಒಬ್ಬೊಬ್ಬರಾಗಿ ಹೇಳಿಕೆ ಕೊಟ್ಟರು. ಮೂವರದೂ ಒಂದೇ ಮಾತು: "ಹತ್ತೂವರೆಗೆ ಈ ಹುಡುಗಿ ಛತ್ರಿ ಹಿಡ್ಕೊಂಡು ದಫ್ತರದ ಕೋಣೆಗೆ ಹೋಗಿದ್ದನ್ನ ಕಣ್ಣಾರೆ ಕಂಡೆ."

ಸುಳ್ಳು ಎಂದು ಕೂಗಿದರೂ ಅವಳ ಮಾತು ಕೇಳುವವರಿರಲಿಲ್ಲ. ಅವರ ಪರ ಇವರು, ಇವರ ಪರ ಅವರು. ತನ್ನ ಪರ ಬಾಯಿಬಿಡಲು ಇಲ್ಲಿ ಯಾರಿದ್ದಾರೆ? ಮೂರು ಗಂಟೆಗೆ ಜೀಪು ಬರುತ್ತದೆ, ಅಷ್ಟರೊಳಗೆ ಮನೆಗೆ ಹೇಳಿಕಳಿಸು ಎಂದರು ಇನ್‌ಸ್ಪೆಕ್ಟರು. ಅವಳು ಹೇಳಿಕಳಿಸಿದ್ದು ಅಜ್ಜಿಗೆ.

ಅಜ್ಜಿ ಜನಗಣತಿ ಕಚೇರಿಯಲ್ಲಿ ಮೂವತ್ತು ವರ್ಷ ಸವೆದವಳು. ಆ ಬೀದಿಯ ಕಳ್ಳತನವೆಲ್ಲ ಅವಳ ಜಗಲಿಯಲ್ಲೇ ಪತ್ತೆಯಾಗುತ್ತಿದ್ದುದು ಇನ್‌ಸ್ಪೆಕ್ಟರಿಗೂ ಗೊತ್ತಿತ್ತು. ಬಂದವಳೇ ಹೇಳಿಕೆಗಳನ್ನು ಓದಿಸಿಕೊಂಡು ಕೇಳಿದಳು, ಎಲ್ಲರನ್ನೂ ಹೆಡ್ ಗುಮಾಸ್ತರ ಮೇಜಿನ ಸುತ್ತ ಕೂರಿಸಿದಳು.

"ಛತ್ರಿ ನೀನೇ ನೋಡಿದ್ಯೇನಪ್ಪಾ?" ಎಂದು ಟಪಾಲಿನವನನ್ನು ಕೇಳಿದಳು.

"ಹೂಂ ಅಜ್ಜಿ, ಈ ಕಣ್ಣಲ್ಲೇ."

ಅಜ್ಜಿ ಕಂಕುಳಿನಿಂದ ಛತ್ರಿ ತೆಗೆದು ಮೇಜಿನ ಮೇಲಿಟ್ಟಳು. "ಇದನ್ನಾ? ಹತ್ತು ಗಂಟೆಗೇ ನಿನ್ನೆದುರಿಗೇ ಇಸ್ಕೊಂಡು ಹೋದೆನಲ್ಲ!"

ಅವನು ಹೆಡ್ ಗುಮಾಸ್ತರ ಕಡೆ ನೋಡಿದ. "ಮಾವ ಹೇಳಿದ್ರು, ಹಾಗೇ ಹೇಳ್ದೆ."

"ಯಾಕೆ ಅಂತ ಕೇಳ್ಲಿಲ್ವಾ?"

"ಮಾವನ್ನ ಯಾಕೆ ಅಂತ ಕೇಳೋಕಾಗುತ್ತಾ? ಅವರೇ ಏನೋ ಮಾಡ್ಕೊಂಡಿದ್ದಾರೆ, ಉಳಿಸೋಣ ಅಂತ…"

"ನಾನಾ?" ಹೆಡ್ ಗುಮಾಸ್ತರು ದಡಕ್ಕನೆ ಎದ್ದರು. "ಅಯ್ಯೋ ಪಾಪಿ! ನೀನು ಮಾಡಿದ್ದೀಯ ಅಂತ ಇವನು ಬಂದು ಹೇಳ್ದ. ಹುಡುಗಿ ಛತ್ರಿ ಹಿಡ್ಕೊಂಡು ಹೋದ್ಳು ಅನ್ನೋಣ ಅಂತ ಹೇಳ್ಕೊಟ್ಟವನೂ ಇವನೇ!"

ಅವರ ಬೆರಳು ಉಗ್ರಾಣದವನ ಕಡೆಗಿತ್ತು. ಅವನು ಕಣ್ಣು ಮಿಟುಕಿಸಲಿಲ್ಲ. "ಏನು ಭಾವ ಹೀಗಂತೀರಿ? ನಂಗೆ ಹೇಳ್ಕೊಟ್ಟಿದ್ದು ನೀವೇ ತಾನೆ?"

ಹುಡುಗಿ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇವರು ಹೀಗೇ ಒಬ್ಬರ ಮೇಲೊಬ್ಬರು ಹಾಕುತ್ತಾ ಹೋದರೆ ಕೊನೆಗೆ ಸುತ್ತಿ ಬಳಸಿ ತನ್ನ ಕೊರಳಿಗೇ ಬರುತ್ತದೆ ಎಂದು ಅವಳಿಗೆ ದಿಗಿಲು.

"ಸುಳ್ಳು ಹೆಣೆದವನಿಗೆ ಛತ್ರಿ ಆಚೆ ಹೋಗಿದ್ದು ಗೊತ್ತಿರ್ಲಿಲ್ಲ" ಎಂದಳು ಅಜ್ಜಿ. "ದಿನಾ ಕಂಡಿದ್ದನ್ನೇ ಸೇರಿಸ್ಬಿಟ್ಟ. ಮಾವನಿಗೂ ಅಳಿಯನಿಗೂ ಗೊತ್ತಿತ್ತು, ನಕ್ಕಿದ್ದೇ ಅವರು. ತಾವೇ ಹೆಣೆದಿದ್ರೆ ಛತ್ರಿ ಸುದ್ದಿ ಎತ್ತುತ್ತಿರ್ಲಿಲ್ಲ. ನಂಟನೇ ಬಂದು ಗಾಬರಿ ಹುಟ್ಟಿಸಿದ. ತಮ್ಮ ಕಣ್ಣು ಕಂಡಿದ್ದನ್ನೂ ಮರೆತು ಅವನು ಹೇಳಿದ್ದನ್ನ ಒಪ್ಪಿಸಿದ್ರು. ಉಳಿದವನು ಹಿಂಬಾಗಿಲಿಂದ ಬಂದವನೊಬ್ಬನೇ. ಉಗ್ರಾಣ ಹುಡುಕ್ಸಿ, ಇನ್‌ಸ್ಪೆಕ್ಟ್ರೇ. ಕಟ್ಟು ಹೊರಗೆ ಸಾಗಿಸೋಕೆ ಅವನಿಗೆ ಹೊತ್ತೆಲ್ಲಿ ಸಿಕ್ತು?"

ಮಸಿ ಬಾಟಲಿಗಳ ಪೆಟ್ಟಿಗೆಯ ತಳದಲ್ಲಿ ಕಟ್ಟು ಸಿಕ್ಕಿತು. ಉಗ್ರಾಣದವನ ಉತ್ತರಪತ್ರಿಕೆ ಪೂರಾ ಖಾಲಿ. ಮೇಲೆ ತೊಂಬತ್ತೊಂದು ಅಂಕ, ಕೆಳಗೆ ಆಗಿನ ಅಧಿಕಾರಿಯ ಸಹಿ. ಆ ಅಧಿಕಾರಿ ಅವನ ಅಪ್ಪ.

"ದೊಡ್ಡಪ್ಪ ಇದನ್ನ ಮೇಲಿನವರಿಗೆ ಕಳಿಸ್ತೀನಿ ಅಂತ ಕೂತ್ರು" ಎಂದ ಅವನು ತಲೆ ತಗ್ಗಿಸಿ. "ನಮ್ಮವರೇ ಹೀಗೆ ಮಾಡಿದ್ರೆ ನಾನು ಎಲ್ಲಿಗೆ ಹೋಗ್ಲಿ? ಕೊಡಿ ಅಂತ ಏಣಿ ಅಲ್ಲಾಡ್ಸಿದೆ. ಬಿದ್ಬಿಟ್ರು."

ಅವನನ್ನು ಕರೆದೊಯ್ಯುವಾಗ ಟಪಾಲಿನವನು ಇನ್‌ಸ್ಪೆಕ್ಟರ ಹಿಂದೆ ಹಿಂದೆಯೇ ಹೋದ. "ಸರ್, ಏನಾದ್ರೂ ದಾರಿ ಇದೆಯಾ? ಎಷ್ಟಾದ್ರೂ ನಮ್ಮವನು."

"ಒಳಗೆ ಬಿದ್ದಿರೋರು ಯಾರಪ್ಪಾ?" ಎಂದಳು ಅಜ್ಜಿ.

ಅವನು ಹಿಂದಿರುಗಿ ನೋಡಿದ. ಆ ಹೊತ್ತಿನವರೆಗೆ ದೊಡ್ಡಪ್ಪನನ್ನು ನೋಡಲು ನಂಟರು ಯಾರೂ ದಫ್ತರದ ಕೋಣೆಗೆ ಹೋಗಿರಲಿಲ್ಲ. ಹುಡುಗಿಯೇ ಹೋಗಿ ದೊಡ್ಡಪ್ಪನ ಮುಖಕ್ಕೆ ಬಟ್ಟೆ ಹೊದಿಸಿದಳು. ಒಂಟಿ ಚಪ್ಪಲಿಯನ್ನು ಎತ್ತಿ ಇನ್ನೊಂದರ ಪಕ್ಕಕ್ಕಿಟ್ಟಳು.

ಹೊರಗೆ ಬಂದಾಗ ಹೆಡ್ ಗುಮಾಸ್ತರು ಅವಳ ಮುಖ ನೋಡದೆ ಕೇಳಿದರು: "ನಾಳೆ ಕೆಲಸಕ್ಕೆ ಬರ್ತೀಯಾ?"

ಕೇಳಿದ್ದೋ ಬೆದರಿಸಿದ್ದೋ ಅವಳಿಗೆ ತಿಳಿಯಲಿಲ್ಲ. ಅಜ್ಜಿ ಛತ್ರಿಯನ್ನು ಅವಳ ಕೈಗಿತ್ತು, "ನಡಿಯೇ, ಮನೆಗೆ ಹೋಗೋಣ" ಎಂದಳು.

ಅವಳು ಛತ್ರಿ ತೆಗೆದುಕೊಂಡಳು. ಎಂದಿನಂತೆ ತನ್ನ ಕುರ್ಚಿಯ ಬೆನ್ನಿಗೆ ತೂಗುಹಾಕಿ, ಅಲ್ಲೇ ಬಿಟ್ಟು ಹೊರಟಳು.

"ಹತ್ತು ಗಂಟೆಗೆ ಬರ್ತೀನಿ ಸರ್" ಎಂದಳು.