ಪತ್ತಾಯದೊಳಗೆ ಗಗನಯಾತ್ರೆ

"ಹಡಗು ಅತ್ತಿತ್ತ ವಾಲುತ್ತಿತ್ತು. ನಲವತ್ತೆರಡು ಜನರಿಗೆ ಊಟ ಆಗಬೇಕಿತ್ತು. ಒಂದು ಹನಿ ಸಾರನ್ನೂ ನಾನು ಚೆಲ್ಲಲಿಲ್ಲ," ಎಂದರು ಅಲೆಕ್ಸಾಂಡರ್ ಅಜ್ಜ. ಹಡಗಿನಲ್ಲಿ ಅವರು ಅಡುಗೆಯವರಾಗಿದ್ದ ಕಾಲದ ಸಾಹಸವದು. ನಡೆದು ಮೂವತ್ತು ವರ್ಷಗಳಾಗಿದ್ದವು.

"ನಮ್ಮದು ಹಡಗಲ್ಲ ಅಜ್ಜ, ಗಗನನೌಕೆ," ಎನ್ನುತ್ತ ಝೀಟಾ ಪತ್ತಾಯದೊಳಗೆ ಇಳಿದಳು.

ಪತ್ತಾಯವೆಂದರೆ ಭತ್ತ ತುಂಬಿಡುವ ಮರದ ದೊಡ್ಡ ಪೆಟ್ಟಿಗೆ. ಅದು ೧೯೬೫ರ ಆಗಸ್ಟ್ ತಿಂಗಳ ಕೊನೆ. ಹೊಸ ಬೆಳೆ ಇನ್ನೂ ಗದ್ದೆಯಲ್ಲಿದ್ದುದರಿಂದ ಕಾಪುವಿನ ಆ ಮನೆಯ ಪತ್ತಾಯ ಬರಿದಾಗಿತ್ತು.

ಅಮೆರಿಕದ ಇಬ್ಬರು ಗಗನಯಾತ್ರಿಗಳು ಇಕ್ಕಟ್ಟಾದ ನೌಕೆಯಲ್ಲಿ ಕುಳಿತು ಎಂಟು ದಿನ ಭೂಮಿಯನ್ನು ಸುತ್ತಿ ಆಗಷ್ಟೇ ಇಳಿದಿದ್ದರು. ಅವರು ಅಲ್ಲಿ ಹೇಗೆ ಬದುಕಿದರೆಂದು ತರಗತಿಯಲ್ಲಿ ಚೆನ್ನಾಗಿ ಹೇಳಿದವರಿಗೆ ಶಾಲೆಯ ಸಭೆಯಲ್ಲಿ ಭಾಷಣ ಮಾಡುವ ಅವಕಾಶ ಕೊಡುವುದಾಗಿ ನರ್ಮದಾ ಟೀಚರ್ ತಿಳಿಸಿದ್ದರು. ಸಹಪಾಠಿ ಶೇಖರನ ಬಳಿ ಪೇಪರಿನಿಂದ ಕತ್ತರಿಸಿದ ಚಿತ್ರಗಳಿದ್ದವು. ಝೀಟಾಳ ಬಳಿ ಇದ್ದುದು ಪತ್ತಾಯ ಮತ್ತು ಎಂಟು ವರ್ಷದ ತಮ್ಮ ಲಿಯೋನೆಲ್. ಇಗರ್ಜಿಯ ಸಂಜೆಯ ಗಂಟೆ ಬಾರಿಸುವವರೆಗೆ ಇಬ್ಬರೂ ಅದರೊಳಗೇ ಇದ್ದರೆ, ಶೇಖರ ಚಿತ್ರ ತೋರಿಸಲಿ, ತಾನು ಅನುಭವವನ್ನೇ ಹೇಳಬಹುದೆಂದು ಅವಳ ಲೆಕ್ಕಾಚಾರ.

ಲಿಯೋನೆಲ್ ಗಂಜಿಯ ಲೋಟ ಹಿಡಿದು ಬಂದ. ಅಜ್ಜ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಅಲ್ಲಿ ಎಲ್ಲವೂ ತೇಲುತ್ತದಂತೆ. ಗಂಜಿ ಮೇಲೆದ್ದು ನಿನ್ನ ಮೂಗಿಗೆ ಹೋದರೆ ಎಂತ ಮಾಡುತ್ತಿ ಮಾರಾಯ?"

ಗಂಜಿ ಅಡುಗೆಮನೆಗೆ ಮರಳಿತು. ಅದರ ಬದಲಿಗೆ ಗರಿಗರಿಯಾದ ಒಣ ರೊಟ್ಟಿ ಬಂತು. ಚೂರು ಬಿದ್ದರೆ ಅದು ತೇಲಿ ಯಂತ್ರದೊಳಗೆ ಸೇರುತ್ತದೆ, ಜಾಗ್ರತೆ ಎಂದು ಝೀಟಾ ಕ್ಯಾಪ್ಟನ್ನಂತೆ ಎಚ್ಚರಿಸಿದಳು. ಲಿಯೋನೆಲ್ ಒಮ್ಮೆ ಕಚ್ಚಿದ್ದೇ ತಡ, ರೊಟ್ಟಿ ನೂರು ಚೂರಾಗಿ ಅಕ್ಕನ ಜಡೆಯ ಮೇಲೆ ಉದುರಿತು. ಅವಳು ಚಿವುಟಿದಳು. ಅವನು ಮೊಣಕೈಯಿಂದ ತಿವಿದ. ಕಾಲು ಚಾಚಲು ಜಾಗವಿಲ್ಲ, ಮುಖ ತಿರುಗಿಸಿಕೊಳ್ಳಲೂ ಜಾಗವಿಲ್ಲ. ಅರ್ಧ ಗಂಟೆಯೂ ಕಳೆದಿರಲಿಲ್ಲ, ಲಿಯೋನೆಲ್ ಅಳುತ್ತ ಹೊರಗೆ ಜಿಗಿದುಬಿಟ್ಟ.

"ಹೋಯ್ತಲ್ಲ ಮಾರಾಯ್ತಿ, ನಿನ್ನ ಜೊತೆಗಾರ ಆಕಾಶಕ್ಕೆ ಬಿದ್ದ," ಎಂದರು ಅಜ್ಜ.

ಝೀಟಾಳಿಗೆ ನಗು ಬರಲಿಲ್ಲ. ತರಗತಿಯಲ್ಲಿ ಹೇಳಲು ಈಗ ಏನೂ ಉಳಿದಿರಲಿಲ್ಲ.

ಸಂಜೆ ಎಲ್ಲರೂ ದೇವರ ಪೀಠದ ಮುಂದೆ ಕುಳಿತು ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಮುಗಿಸಿದರು. ಅದಾದ ಮೇಲೆ ಚಿಕ್ಕವರು ತಮಗಿಂತ ದೊಡ್ಡವರೊಬ್ಬೊಬ್ಬರಿಗೂ ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಬೇಡುವುದು ಆ ಮನೆಯ ಪದ್ಧತಿ. ಲಿಯೋನೆಲ್ ಅಜ್ಜನಿಂದ, ಬರ್ತಾ ಅಜ್ಜಿಯಿಂದ, ಅಮ್ಮನಿಂದ ಪಡೆದ. ಅಕ್ಕನನ್ನು ದಾಟಿ ಹೋಗಿ ಗೋಡೆಗೊರಗಿ ನಿಂತ. ಝೀಟಾಳೂ ಮೇಣದಬತ್ತಿಯನ್ನೇ ನೋಡುತ್ತ ಕುಳಿತಳು.

"ನಿಮ್ಮ ನೌಕೆ ಇನ್ನೂ ಇಳಿದಿಲ್ವಾ?" ಎಂದು ಅಜ್ಜ ಮೆಲ್ಲನೆ ಕೇಳಿದರು.

ಬಳಿಕ ಅವರು ತಮ್ಮ ಹಳೆಯ ಜೊತೆಗಾರ ಸ್ಟ್ಯಾನಿಸ್ಲಾಸನ ಸುದ್ದಿ ತೆಗೆದರು. ಹಡಗಿನಲ್ಲಿ ಹನ್ನೊಂದು ತಿಂಗಳು ಇಬ್ಬರಿಗೂ ಒಂದೇ ಕೋಣೆ. ಅದು ಪತ್ತಾಯಕ್ಕಿಂತ ಎರಡು ಗೇಣು ಉದ್ದವಿದ್ದೀತು. ಅವನ ಗೊರಕೆಯ ಮುಂದೆ ಹಡಗಿನ ಎಂಜಿನ್ನೂ ನಾಚಬೇಕು. ಅವನು ಅಜ್ಜನಿಗಿಂತ ಮೂರೇ ತಿಂಗಳು ದೊಡ್ಡವನು. ಆದರೂ ತೇರ್ಸ್ ಮುಗಿದೊಡನೆ ಅಜ್ಜ ಪ್ರತಿದಿನ ಅವನಿಗೆ ಕೈಮುಗಿಯಬೇಕಿತ್ತು.

"ಜಗಳವಾದ ದಿನ?" ಎಂದಳು ಝೀಟಾ.

"ಆ ದಿನ ನಾನು ಕೈಮುಗಿಯುವ ಮೊದಲೇ ಅವನು ಬೆಸಾಂವ್ ಕೊಡಲು ಕೈ ಎತ್ತಿ ನಿಲ್ಲುತ್ತಿದ್ದ. ಅವನ ಕೈ ನೋಯಲಿ ಎಂದು ನಾನು ಬೇಕೆಂದೇ ಕಾಯಿಸುತ್ತಿದ್ದೆ. ಇಳಿಸುತ್ತಲೇ ಇರಲಿಲ್ಲ, ಪುಣ್ಯಾತ್ಮ."

ಝೀಟಾ ತಮ್ಮನ ಕಡೆ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಬಲಗೈಯನ್ನು ಎತ್ತಿ ಹಿಡಿದಳು. ಲಿಯೋನೆಲ್ ಮೇಲೆ ಮಾಡಿನ ಹಂಚನ್ನು ನೋಡಿದ, ಕಾಲ್ಬೆರಳನ್ನು ನೋಡಿದ. ಅವಳ ತೋಳು ನೋಯತೊಡಗಿತು. ಕೊನೆಗೆ ಅವನು ಹತ್ತಿರ ಬಂದು ಕೈಮುಗಿದ.

ಅನಂತರ ಝೀಟಾ ನೋಟ್‌ಬುಕ್ ತೆರೆದಳು. ಊಟದ ಬಗ್ಗೆ ಬರೆದಿದ್ದ ಮೊದಲ ಸಾಲನ್ನು ಹೊಡೆದುಹಾಕಿ, 'ನೌಕೆಯಲ್ಲಿ ಇಬ್ಬರಿದ್ದರು' ಎಂದು ಬರೆದಳು. ಪೆನ್ಸಿಲನ್ನು ಹಾಗೆಯೇ ಹಿಡಿದು ಅಜ್ಜನ ಕುರ್ಚಿಯ ಬಳಿ ಬಂದು ಕುಳಿತಳು.

"ಅಜ್ಜ, ನಿಮ್ಮ ಸ್ಟ್ಯಾನಿಸ್ಲಾಸ್ ಕೈ ಎತ್ತಿ ನಿಲ್ಲುತ್ತಿದ್ದದ್ದನ್ನು ಇನ್ನೊಮ್ಮೆ ಹೇಳಿ."