ಕೂಡಿಸಿದ ತೂಕ

ರತ್ನಮಾಲಾ ಎರಡನೆಯ ರೊಟ್ಟಿ ಬಡಿಯುತ್ತಿದ್ದಾಗ ಬಾಗಿಲ ಮುಂದೆ ಬೈಕು ನಿಂತ ಸದ್ದಾಯಿತು. ಹಿಟ್ಟಿನ ಕೈಯಲ್ಲೇ ಇಣುಕಿದಳು. ಬಸವಕುಮಾರ. ಹುಮನಾಬಾದಿನ ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಅವಳ ಪಕ್ಕದ ಟೇಬಲ್ಲಿನವನು. ರಾತ್ರಿ ಪಾಳಿ ಮುಗಿಸಿ ಸೀದಾ ಬಸವಕಲ್ಯಾಣಕ್ಕೆ ಬಂದಿದ್ದ. ಕಣ್ಣು ಕೆಂಪಾಗಿದ್ದವು, ತುಟಿಯಲ್ಲಿ ಮಾತ್ರ ನಗು.

"ಏನ್ರಿ, ಇಷ್ಟ ಲಗೂನ?"

"ಮೊದಲ ಹಂಚಿನ ಕಡೆ ನೋಡ್ರಿ. ರೊಟ್ಟಿ ಸುಡಾಕತ್ತದ."

ಅವಳು ಓಡಿಹೋಗಿ ತಿರುವಿ ಹಾಕಿದಳು. ಬೆನ್ನ ಮೇಲೆ ಅವನ ನೋಟ ಇದೆಯೆಂದು ತಿರುಗದೆಯೇ ಗೊತ್ತಾಗುತ್ತಿತ್ತು.

ನಿನ್ನೆ ಅವಳು ಅತ್ತದ್ದನ್ನು ನೋಡಿದವನು ಅವನೊಬ್ಬನೇ. ಬಹಳ ಕಷ್ಟಪಟ್ಟು ತಯಾರಿಸಿದ ಔಷಧಿಯ ಅಣುವನ್ನು ಶುದ್ಧ ಮಾಡಲು ಮಾಸ್ ಸ್ಪೆಕ್ ಯಂತ್ರಕ್ಕೆ ಹಾಕಿದ್ದಳು. ಬೇಕಾದ ಅಣುವಿನ ತೂಕ ಹೇಳಿಟ್ಟರೆ, ಆ ತೂಕ ಬಂದ ಕೂಡಲೇ ಯಂತ್ರ ಅದನ್ನು ಕೊಳವೆಗೆ ಇಳಿಸುತ್ತದೆ. ಉಳಿದದ್ದೆಲ್ಲ ವೇಸ್ಟ್ ಕ್ಯಾನಿಗೆ. ನಿನ್ನೆ ಒಂದು ಕೊಳವೆಯೂ ತುಂಬಿರಲಿಲ್ಲ.

"ನಿಮ್ಮ ಮಾಲು ಸಿಕ್ತ್ರಿ," ಅಂದ ಬಸವಕುಮಾರ. "ಎಲ್ಲಾ ಕ್ಯಾನಿನ್ಯಾಗ ಇತ್ತು. ರಿಸಲ್ಟ್ ಬರೂತನಾ ಕ್ಯಾನ್ ಚೆಲ್ಲಬಾರದು ಅಂತ ನೀವ ಕಲ್ಸಿದ್ರಿ. ಅದಕ್ಕ ಇಟ್ಟಿದ್ದೆ."

"ಮತ್ತ ಮಷೀನಿಗೆ ಯಾಕ ಗುರುತು ಹತ್ತಲಿಲ್ಲ?"

"ಅದು ಒಂಟಿಯಾಗಿ ಬರಲಿಲ್ರಿ. ಸೋಡಿಯಂ ಅಂಟಿಸ್ಕೊಂಡು ಬಂದಿತ್ತು. ನಾವು ಬರೇ ಅದರ ತೂಕ ಕೊಟ್ಟಿದ್ವಿ. ಎರಡರ ತೂಕ ಕೂಡಿಸಿ ಕೊಟ್ಟು, ಕ್ಯಾನಿನ್ಯಾಗಿಂದು ಮತ್ತ ಹಾಕಿದೆ. ಕೊಳವಿ ತುಂಬಿದ್ವು."

ರತ್ನಮಾಲಾಳಿಗೆ ಥ್ಯಾಂಕ್ಸ್ ಅನ್ನುವುದು ತೀರ ಸಣ್ಣದೆನಿಸಿ, ರೊಟ್ಟಿಯ ಮೇಲೆ ಖಾರದ ಶೇಂಗಾ ಹಿಂಡಿ ಹಾಕಿ, ಎಣ್ಣೆ ಬಿಟ್ಟು ಅವನ ಮುಂದಿಟ್ಟಳು.

"ಸುಟ್ಟದ್ದು ನನಗ ಕೊಟ್ರೇನು?"

"ನಿಮ್ಮಿಂದನ ಸುಟ್ಟದ್ದು. ನೀವ ತಿನ್ರಿ."

ಇಬ್ಬರೂ ನಕ್ಕರು. ಆದರೂ ಹೋದ ತಿಂಗಳು ಅವನು ಕೇಳಿದ್ದ ಮದುವೆಯ ಮಾತು ಇಬ್ಬರ ನಡುವೆ ಹಾಗೇ ಕುಳಿತಿತ್ತು. ಗಂಡ ತೀರಿಕೊಂಡ ಮೇಲೆ ಬಂದ ಸಂಬಂಧಗಳೆಲ್ಲ ಮಗಳನ್ನು ತವರಲ್ಲಿ ಬಿಟ್ಟು ಬಾ ಎಂದಿದ್ದವು. ಇವನು ಹಾಗೆ ಅಂದಿರಲಿಲ್ಲ, ಆದರೆ ಮಗಳು ಸಾಕ್ಷಿಯ ಹೆಸರನ್ನೂ ಎತ್ತಿರಲಿಲ್ಲ. ಕೇಳುವ ಧೈರ್ಯ ಅವಳಿಗೆ ಬಂದಿರಲಿಲ್ಲ.

ಬಸವಕುಮಾರ ರೊಟ್ಟಿಯನ್ನು ಎರಡಾಗಿ ಮುರಿದ. "ರಾತ್ರಿ ಆ ಮಷೀನ್ ಮುಂದ ಕುಂತಾಗ ತಿಳೀತ್ರಿ. ನಾನೂ ಅದೇ ತಪ್ಪು ಮಾಡೇನಿ. ನಿಮ್ಮ ಒಬ್ಬರನ್ನಷ್ಟ ಕೇಳಿದ್ದೆ."

ಅರ್ಧ ರೊಟ್ಟಿಯನ್ನು ಅವನು ಒಳಕೋಣೆಯ ಬಾಗಿಲ ಸಂದಿಯತ್ತ ಚಾಚಿದ. ಅಲ್ಲಿ ಸಾಕ್ಷಿ, ಒಂದೇ ಜಡೆ ಹಾಕಿಸಿಕೊಂಡು, ಇನ್ನೊಂದು ಕಡೆಯ ರಿಬ್ಬನ್ ಕೈಯಲ್ಲಿ ಹಿಡಿದು ನಿಂತಿದ್ದಳು. ಎಷ್ಟೋ ದಿನಗಳಿಂದ ಅವಳು ಏನನ್ನೋ ಕೇಳಲು ಬಾಯಿ ತೆರೆದು, ಅವ್ವನ ಮುಖ ನೋಡಿ ಸುಮ್ಮನಾಗುತ್ತಿದ್ದಳು.

ಇಂದು ಅವ್ವನ ಮುಖ ನೋಡಲಿಲ್ಲ. ರೊಟ್ಟಿ ತೆಗೆದುಕೊಂಡು ಅವನನ್ನೇ ನೋಡಿದಳು.

"ಕಾಕಾ, ಅವ್ವ ನಿಮ್ಮನಿಗಿ ಬಂದ್ರ, ನಾನೂ ಬರ್ಲೇನ್ರಿ?"